ಸಮುದ್ರದ ತಳದಡಿ ಹೂತ ಕುಳಿ: ಸಿಲ್ವರ್‌ಪಿಟ್ ಉಲ್ಕಾಘಾತ ಸಾಬೀತಾದ ಬಗೆ

ಬ್ರಿಟನ್ನಿನ ಯಾರ್ಕ್‌ಷೈರ್ ಕರಾವಳಿಯಿಂದ ಸುಮಾರು 130 ಕಿಲೋಮೀಟರ್ ದೂರದಲ್ಲಿ, ಉತ್ತರ ಸಮುದ್ರದ ತಳಕ್ಕಿಂತ ಇನ್ನೂ 700 ಮೀಟರ್ ಕೆಳಗೆ, ಮೂರು ಕಿಲೋಮೀಟರಿಗಿಂತ ತುಸು ಹೆಚ್ಚು ಅಗಲದ ಒಂದು ಬಟ್ಟಲಿನಾಕಾರದ ತಗ್ಗು ಹೂತುಹೋಗಿದೆ. ಅದರ ಹೆಸರು ಸಿಲ್ವರ್‌ಪಿಟ್. ಮನುಷ್ಯರು ಯಾರೂ ಅದನ್ನು ಕಣ್ಣಾರೆ ಕಂಡಿಲ್ಲ, ಅದರ ಮೇಲಿರುವ ನೀರು ಮತ್ತು ಕಲ್ಲಿನ ರಾಶಿಯನ್ನು ಸರಿಸಿ ನೋಡುವುದಂತೂ ಸಾಧ್ಯವಿಲ್ಲ. ಆದರೂ ಅದು ಹೇಗೆ ಉಂಟಾಯಿತು ಎಂಬ ಪ್ರಶ್ನೆಯ ಮೇಲೆ ಭೂವಿಜ್ಞಾನಿಗಳು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ವಾದ ಮಾಡಿದರು. 2025ರ ಸೆಪ್ಟೆಂಬರ್‌ನಲ್ಲಿ ಎಡಿನ್‌ಬರೋದ ಹೆರಿಯಟ್-ವಾಟ್ ವಿಶ್ವವಿದ್ಯಾಲಯದ ಉಷ್ಡೀನ್ ನಿಕೋಲ್ಸನ್ ಮತ್ತು ಸಂಗಡಿಗರು ನೇಚರ್ ಕಮ್ಯುನಿಕೇಷನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ, ಅದು ಆಕಾಶದಿಂದ ಬಿದ್ದ ಬಂಡೆಯೊಂದು ಮಾಡಿದ ಕುಳಿಯೇ ಎಂದು ತೋರಿಸಿದ ಮೇಲೆ ಈ ಹೆಸರು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಕಾಣಿಸಿಕೊಂಡಿತು. ಕಾಣದ ಕುಳಿಯನ್ನು ಕಂಡುಹಿಡಿಯುವುದು ಹೇಗೆ, ಕಂಡ ಮೇಲೂ ಅದನ್ನು ನಂಬಲು ಇಷ್ಟು ವರ್ಷ ಏಕೆ ಬೇಕಾಯಿತು ಎಂಬುದನ್ನು ಬುಡದಿಂದ ನೋಡೋಣ.

ಮೊದಲು ಕೆಲವು ಹೆಸರುಗಳು

ಸೂರ್ಯನ ಸುತ್ತ ಗ್ರಹಗಳಷ್ಟೇ ಅಲ್ಲದೆ ಲೆಕ್ಕವಿಲ್ಲದಷ್ಟು ಕಲ್ಲುಬಂಡೆಗಳೂ ಸುತ್ತುತ್ತಿವೆ. ಅವುಗಳಲ್ಲಿ ದೊಡ್ಡವನ್ನು ಕ್ಷುದ್ರಗ್ರಹಗಳು ಎನ್ನುತ್ತಾರೆ. ಇಂಥ ಒಂದು ಕಲ್ಲಿನ ತುಣುಕು ಭೂಮಿಯ ಗಾಳಿಯೊಳಗೆ ನುಗ್ಗಿ ಉರಿಯುವಾಗ ಕಾಣುವ ಬೆಳಕಿನ ಗೆರೆಯೇ ಉಲ್ಕೆ, ಹಳ್ಳಿಗಳಲ್ಲಿ ‘ನಕ್ಷತ್ರ ಬಿತ್ತು’ ಎನ್ನುವುದು ಇದನ್ನೇ. ಉರಿದು ಮುಗಿಯದೆ ನೆಲ ತಲುಪಿದ ತುಣುಕು ಉಲ್ಕಾಶಿಲೆ. ಸಿಲ್ವರ್‌ಪಿಟ್‌ಗೆ ಬಡಿದದ್ದು ಸುಮಾರು 160 ಮೀಟರ್ ಅಗಲದ್ದು, ಅಂದರೆ ಕ್ಷುದ್ರಗ್ರಹಗಳ ಸಾಲಿಗೆ ಸೇರುವಂಥದ್ದು.

ಇನ್ನು ಪದರ ಶಿಲೆ. ಉತ್ತರ ಕರ್ನಾಟಕದ ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲನ್ನು ನೆನಪಿಸಿಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಆ ಕಲ್ಲು ಹಲಗೆಹಲಗೆಯಾಗಿ ಏಳುವುದಕ್ಕೆ ಕಾರಣ, ಅದು ಒಂದು ಕಾಲದ ಸಮುದ್ರದ ತಳದಲ್ಲಿ ಸುಣ್ಣದ ಕೆಸರು ಪದರದ ಮೇಲೆ ಪದರವಾಗಿ ಕೂತು, ಮೇಲಿನ ಭಾರಕ್ಕೆ ಒತ್ತಿ ಗಟ್ಟಿಯಾದದ್ದು. ಬಾದಾಮಿಯ ಗುಹೆಗಳಿರುವ ಕೆಂಪು ಬಂಡೆಯೂ ಹೀಗೆಯೇ ಮರಳು ಕೂತು ಆದ ಪದರ ಶಿಲೆ, ಅದರ ಮೈಮೇಲಿನ ಗೆರೆಗಳು ದೂರದಿಂದಲೂ ಕಾಣುತ್ತವೆ. ಉತ್ತರ ಸಮುದ್ರದ ತಳದಲ್ಲೂ ಕೋಟ್ಯಂತರ ವರ್ಷಗಳಿಂದ ಇದೇ ಕೆಲಸ ನಡೆದಿದೆ. ಅಲ್ಲಿ ಕೆಳಗೆ ಸೀಮೆಸುಣ್ಣದ ಕಲ್ಲಿನ ದಪ್ಪ ಹಾಸು ಇದೆ. ಅದು ಬರಿಗಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳ ಸುಣ್ಣದ ಚಿಪ್ಪುಗಳು ಶೇಖರವಾಗಿ ಆದದ್ದು, ಇಂಗ್ಲೆಂಡಿನ ಡೋವರ್‌ನ ಬಿಳಿ ಬಂಡೆಗಳ ಜಾತಿಯದು. ಅದರ ಮೇಲೆ ಜೇಡಿಮಣ್ಣು ಗಟ್ಟಿಯಾಗಿ ಆದ ಪದರಗಳಿವೆ. ಬಂಡೆ ಬಡಿದು ಕುಳಿಯಾದದ್ದು ಈ ಪದರಗಳಲ್ಲಿ, ಆಮೇಲೆ ಬಂದು ಕೂತ ಕೆಸರು ಕುಳಿಯನ್ನು ತುಂಬಿ, ಮುಚ್ಚಿ, ತಾನೂ ಕಲ್ಲಾಯಿತು.

ಬಂಡೆ 160 ಮೀಟರ್, ಕುಳಿ ಮೂರು ಕಿಲೋಮೀಟರ್!

ಕೆಸರಿಗೆ ಕಲ್ಲೆಸೆದರೆ ಕಲ್ಲಿನಷ್ಟೇ, ಹೆಚ್ಚೆಂದರೆ ಅದಕ್ಕಿಂತ ತುಸು ದೊಡ್ಡ ಗುಂಡಿ ಬೀಳುತ್ತದೆ. ಇಲ್ಲಿ ಮಾತ್ರ ಕುಳಿ ಬಂಡೆಯ ಇಪ್ಪತ್ತು ಪಟ್ಟು ಅಗಲವಾಗಿದೆ. ಇದಕ್ಕೆ ಕಾರಣ ವೇಗ. ಬಾಹ್ಯಾಕಾಶದಿಂದ ಬರುವ ಬಂಡೆಯನ್ನು ಭೂಮಿಯ ಗುರುತ್ವವೇ ಸೆಳೆದುಕೊಳ್ಳುವುದರಿಂದ ಅದರ ವೇಗ ಸೆಕೆಂಡಿಗೆ 11 ಕಿಲೋಮೀಟರಿಗಿಂತ ಕಡಿಮೆ ಇರುವುದಿಲ್ಲ, ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚೇ ಇರುತ್ತದೆ. ಬೆಂಗಳೂರಿನಿಂದ ಮೈಸೂರಿಗೆ ಹದಿನೈದು ಸೆಕೆಂಡಿನೊಳಗೆ ತಲುಪುವ ವೇಗ ಅದು. ಚಲಿಸುವ ವಸ್ತುವಿನ ಶಕ್ತಿ ವೇಗದ ವರ್ಗದಂತೆ ಏರುತ್ತದೆ: ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು, ಹತ್ತು ಪಟ್ಟಾದರೆ ನೂರು ಪಟ್ಟು. ಲೆಕ್ಕ ಹಾಕಿ ನೋಡಿದರೆ ಸೆಕೆಂಡಿಗೆ 11 ಕಿಲೋಮೀಟರ್ ವೇಗದಲ್ಲಿ ಬರುವ ಒಂದು ಕಿಲೋ ಕಲ್ಲಿನಲ್ಲಿ 14 ಕಿಲೋ ಟಿ.ಎನ್.ಟಿ. ಸ್ಫೋಟಕದಷ್ಟು ಶಕ್ತಿ ಅಡಗಿರುತ್ತದೆ.

ಆದ್ದರಿಂದ ಇಂಥ ಬಂಡೆ ನೆಲವನ್ನು ಅಗೆಯುವುದಿಲ್ಲ, ಸ್ಫೋಟಿಸುತ್ತದೆ. ಬಡಿದ ಕ್ಷಣದಲ್ಲಿ ಬಂಡೆ ಮತ್ತು ನೆಲ ಎರಡರೊಳಗೂ ಒತ್ತಡದ ಅಲೆ ಹರಿದು, ಬಂಡೆಯ ಬಹುಭಾಗ ಆವಿಯಾಗಿಯೋ ಕರಗಿಯೋ ಹೋಗುತ್ತದೆ, ನೆಲದ ಕಲ್ಲು ಮೇಲಕ್ಕೂ ಹೊರಕ್ಕೂ ಚಿಮ್ಮುತ್ತದೆ. ಉಲ್ಕಾಕುಳಿಗಳಲ್ಲಿ ಮೂಲ ಬಂಡೆಯನ್ನು ಹುಡುಕಿದವರಿಗೆ ಹೆಚ್ಚಿನ ಸಲ ಏನೂ ಸಿಗದಿರುವುದು ಇದೇ ಕಾರಣಕ್ಕೆ. ಬಂಡೆ ಓರೆಯಾಗಿ ಬಂದರೂ ಕುಳಿ ಮಾತ್ರ ದುಂಡಗೆ ಆಗುವುದಕ್ಕೂ ಇದೇ ಕಾರಣ, ಏಕೆಂದರೆ ಸ್ಫೋಟ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ. ಬಂಡೆ ನೆಲವನ್ನು ಸವರಿಕೊಂಡು ಹೋಗುವಷ್ಟು ಓರೆಯಾಗಿ ಬಂದಾಗ ಮಾತ್ರ ಕುಳಿ ಉದ್ದುದ್ದವಾಗುತ್ತದೆ.

ಕುಳಿ ದೊಡ್ಡದಾದಾಗ ಇನ್ನೊಂದು ಘಟನೆ ನಡೆಯುತ್ತದೆ. ತುಂಬಿದ ಹಾಲಿನ ಪಾತ್ರೆಗೆ ಮೇಲಿನಿಂದ ಒಂದು ಹನಿ ಬಿದ್ದಾಗ ಮೊದಲು ತಗ್ಗಾಗಿ, ಮರುಕ್ಷಣ ಆ ತಗ್ಗಿನ ನಡುವಿನಿಂದಲೇ ಹಾಲು ಪುಟ್ಟ ಕಂಬದಂತೆ ಮೇಲೇಳುವುದನ್ನು ಗಮನಿಸಿರಬಹುದು. ಭಾರೀ ಆಘಾತಕ್ಕೆ ಸಿಕ್ಕ ಕಲ್ಲೂ ಕೆಲವು ಕ್ಷಣ ದ್ರವದಂತೆಯೇ ವರ್ತಿಸಿ, ನಡುವೆ ದಿಬ್ಬವಾಗಿ ಎದ್ದು ಹಾಗೆಯೇ ನಿಂತುಬಿಡುತ್ತದೆ. ಸಿಲ್ವರ್‌ಪಿಟ್‌ನ ನಡುವೆಯೂ ಇಂಥದೊಂದು ದಿಬ್ಬವಿದೆ.

ಹಲಸಿನ ಹಣ್ಣನ್ನು ಬಡಿದು ನೋಡಿದ ಹಾಗೆ

ಹಲಸಿನ ಹಣ್ಣನ್ನು ಕೊಯ್ಯದೆಯೇ ಅದು ಹಣ್ಣಾಗಿದೆಯೋ ಇಲ್ಲವೋ ತಿಳಿಯಲು ಅದರ ಮೈಮೇಲೆ ಬಡಿದು ಕಿವಿಗೊಡುತ್ತೇವೆ. ಸಮುದ್ರದ ತಳದ ಅಡಿಯ ಕಲ್ಲನ್ನು ತಿಳಿಯುವ ವಿಧಾನವೂ ಮೂಲದಲ್ಲಿ ಇದೇ. ಹಡಗೊಂದು ನೀರಿನಲ್ಲಿ ಒತ್ತಿದ ಗಾಳಿಯನ್ನು ಥಟ್ಟನೆ ಬಿಟ್ಟು ಭಾರೀ ಶಬ್ದ ಮಾಡುತ್ತದೆ. ಆ ಶಬ್ದ ನೀರನ್ನೂ ತಳವನ್ನೂ ದಾಟಿ ಕೆಳಗಿಳಿಯುವಾಗ, ಒಂದು ಬಗೆಯ ಕಲ್ಲು ಮುಗಿದು ಇನ್ನೊಂದು ಬಗೆಯದು ಶುರುವಾಗುವಲ್ಲೆಲ್ಲ ಅದರ ಸ್ವಲ್ಪ ಭಾಗ ಪ್ರತಿಧ್ವನಿಯಾಗಿ ಮರಳುತ್ತದೆ. ಹಡಗಿನ ಹಿಂದೆ ಎಳೆದುಕೊಂಡು ಹೋಗುವ, ಕಿಲೋಮೀಟರ್‌ಗಟ್ಟಲೆ ಉದ್ದದ ಕೇಬಲ್ಲುಗಳಲ್ಲಿರುವ ಶ್ರವಣ ಸಾಧನಗಳು ಅದನ್ನು ಹಿಡಿಯುತ್ತವೆ. ಮೇಲಿನ ಪದರದ ಪ್ರತಿಧ್ವನಿ ಬೇಗ ಬರುತ್ತದೆ, ಆಳದ್ದು ತಡವಾಗಿ. ಲಕ್ಷಾಂತರ ಪ್ರತಿಧ್ವನಿಗಳ ಹೊತ್ತನ್ನು ಕಂಪ್ಯೂಟರಿನಲ್ಲಿ ಜೋಡಿಸಿದಾಗ ಕೆಳಗಿನ ಪದರಗಳ ಉದ್ದ, ಅಗಲ, ಆಳಗಳ ಚಿತ್ರ ಮೂಡುತ್ತದೆ. ಇದನ್ನು ಭೂಕಂಪನ ಸಮೀಕ್ಷೆ ಎನ್ನುತ್ತಾರೆ, ಹೆಸರು ಹೆದರಿಸುವಂತಿದ್ದರೂ ಭೂಕಂಪಕ್ಕೂ ಇದಕ್ಕೂ ಇರುವ ಸಂಬಂಧ ಕಲ್ಲಿನೊಳಗೆ ಅಲೆ ಚಲಿಸುತ್ತದೆ ಎಂಬಷ್ಟೇ.

ಉತ್ತರ ಸಮುದ್ರದಲ್ಲಿ ಈ ಕೆಲಸ ನಡೆದದ್ದು ಉಲ್ಕೆಗಳಿಗಾಗಿ ಅಲ್ಲ, ತೈಲ ಮತ್ತು ಅನಿಲಕ್ಕಾಗಿ. ಅಂಥ ಸಮೀಕ್ಷೆಯ ಚಿತ್ರಗಳನ್ನು ನೋಡುತ್ತಿದ್ದ ಸೈಮನ್ ಸ್ಟುವರ್ಟ್ ಮತ್ತು ಫಿಲಿಪ್ ಅಲೆನ್ ಎಂಬ ಇಬ್ಬರು ಭೂವಿಜ್ಞಾನಿಗಳಿಗೆ ಸೀಮೆಸುಣ್ಣದ ಪದರದಲ್ಲಿ ಒಂದು ದುಂಡನೆಯ ತಗ್ಗು, ಅದರ ನಡುವೆ ದಿಬ್ಬ, ಅದರ ಸುತ್ತ ಸುಮಾರು 20 ಕಿಲೋಮೀಟರ್ ಅಗಲದವರೆಗೆ ಒಂದರ ಹೊರಗೆ ಒಂದರಂತೆ ಉಂಗುರಾಕಾರದ ಬಿರುಕುಗಳು ಕಂಡವು. 2002ರಲ್ಲಿ ಅವರು ನೇಚರ್ ಪತ್ರಿಕೆಯಲ್ಲಿ ಇದು ಉಲ್ಕಾಘಾತದ ಕುಳಿ ಎಂದು ಪ್ರಕಟಿಸಿದರು. ಹತ್ತಿರದ ಸಮುದ್ರತಳದ ಕಣಿವೆಗೆ ಮೀನುಗಾರರು ಇಟ್ಟಿದ್ದ ಹೆಸರೇ ಕುಳಿಗೂ ಬಂತು.

ಉಪ್ಪು ಜಾರಿದರೂ ತಗ್ಗಾಗುತ್ತದಲ್ಲ?

ಎರಡೇ ವರ್ಷದಲ್ಲಿ, 2004ರಲ್ಲಿ, ಎಡಿನ್‌ಬರೋ ವಿಶ್ವವಿದ್ಯಾಲಯದ ಜಾನ್ ಅಂಡರ್‌ಹಿಲ್ ಆಕ್ಷೇಪ ಎತ್ತಿದರು. ಅವರ ವಾದ ಹುರುಳಿಲ್ಲದ್ದಾಗಿರಲಿಲ್ಲ, ಹಾಗಾಗಿ ಅದನ್ನು ಸ್ವಲ್ಪ ನಿಧಾನವಾಗಿಯೇ ತಿಳಿಯಬೇಕು.

ಉತ್ತರ ಸಮುದ್ರದ ಆ ಭಾಗದಲ್ಲಿ, ಸೀಮೆಸುಣ್ಣದ ಪದರಕ್ಕಿಂತ ಬಹಳ ಕೆಳಗೆ, 25 ಕೋಟಿ ವರ್ಷಕ್ಕೂ ಹಳೆಯದಾದ ಉಪ್ಪಿನ ದಪ್ಪ ಹಾಸು ಇದೆ. ಆ ಕಾಲದ ಸಮುದ್ರವೊಂದು ಬಿಸಿಲಿಗೆ ಬತ್ತಿ ಬಿಟ್ಟುಹೋದ ಉಪ್ಪು ಅದು. ಕಲ್ಲುಪ್ಪು ಕೈಗೆ ಗಟ್ಟಿಯಾಗಿ ತೋರಿದರೂ, ಮೇಲೆ ಸಾವಿರಾರು ಮೀಟರ್ ಕಲ್ಲಿನ ಭಾರ ಕೂತಾಗ ಕೋಟ್ಯಂತರ ವರ್ಷಗಳಲ್ಲಿ ನಿಧಾನವಾಗಿ ಹರಿಯುತ್ತದೆ. ನಾದಿದ ರೊಟ್ಟಿ ಹಿಟ್ಟಿನ ಮುದ್ದೆಯ ಮೇಲೆ ಅಂಗೈ ಒತ್ತಿದರೆ ಒತ್ತಿದಲ್ಲಿ ತೆಳುವಾಗಿ ಪಕ್ಕದಲ್ಲಿ ಉಬ್ಬುವಂತೆ, ಉಪ್ಪು ಒಂದು ಕಡೆಯಿಂದ ಜಾರಿ ಇನ್ನೊಂದು ಕಡೆ ಗುಡ್ಡೆಯಾಗುತ್ತದೆ. ಉಪ್ಪು ಜಾರಿದ ಜಾಗದ ಮೇಲಿನ ಪದರಗಳು ಆಸರೆ ತಪ್ಪಿ ಕುಸಿಯುತ್ತವೆ. ಸುತ್ತಲ ಪ್ರದೇಶದಲ್ಲಿ ಉಪ್ಪಿನಿಂದಲೇ ಆದ ತಗ್ಗುಗಳು ಹಲವಿರುವಾಗ, ಇದೊಂದಕ್ಕೆ ಮಾತ್ರ ಆಕಾಶದಿಂದ ಕಾರಣ ತರುವುದೇಕೆ ಎಂಬುದು ಅಂಡರ್‌ಹಿಲ್ ಅವರ ಪ್ರಶ್ನೆ. ಹತ್ತಿರದಲ್ಲೇ ಸರಳ ವಿವರಣೆ ಇರುವಾಗ ಅಪರೂಪದ ವಿವರಣೆಗೆ ಹೆಚ್ಚು ಬಲವಾದ ಪುರಾವೆ ಬೇಕು, ಮತ್ತು ಆಗ ಕೈಯಲ್ಲಿದ್ದ ಪುರಾವೆ ಆಕಾರ ಒಂದೇ.

2009ರಲ್ಲಿ ಲಂಡನ್ನಿನ ಜಿಯೊಲಾಜಿಕಲ್ ಸೊಸೈಟಿಯಲ್ಲಿ ಈ ವಿಷಯದ ಮೇಲೆ ಸಾರ್ವಜನಿಕ ಚರ್ಚೆಯೇ ಏರ್ಪಟ್ಟಿತು. ಕೊನೆಗೆ ಸಭೆಯಲ್ಲಿದ್ದವರ ಮತ ಕೇಳಿದಾಗ ಬಹುಪಾಲು ಜನ ಉಲ್ಕೆಯ ವಿರುದ್ಧ ಮತ ಹಾಕಿದರು. ವಿಜ್ಞಾನದ ಪ್ರಶ್ನೆಯನ್ನು ಪಂಚಾಯಿತಿ ಚುನಾವಣೆಯಂತೆ ತೀರ್ಮಾನಿಸಲಾಗುವುದಿಲ್ಲ ಎಂಬುದು ಮತ ಹಾಕಿದವರಿಗೂ ಗೊತ್ತಿತ್ತು, ಆ ಮತ ಹೇಳಿದ್ದು ಪುರಾವೆ ಇನ್ನೂ ಸಾಲದು ಎಂಬುದನ್ನಷ್ಟೇ.

ಸಾಕ್ಷಿ ನುಡಿದ ಹರಳುಗಳು

ಉಲ್ಕಾಘಾತಕ್ಕೆ ಭೂವಿಜ್ಞಾನಿಗಳು ಒಪ್ಪುವ ಸಾಕ್ಷಿ ಯಾವುದು? ದುಂಡಗಿನ ಆಕಾರವನ್ನು ಜ್ವಾಲಾಮುಖಿಯೂ ಕೊಡಬಲ್ಲದು, ಉಪ್ಪೂ ಕೊಡಬಲ್ಲದು, ಸುಣ್ಣಕಲ್ಲು ನೀರಿನಲ್ಲಿ ಕರಗಿದಾಗಲೂ ದುಂಡಗಿನ ತಗ್ಗುಗಳಾಗುತ್ತವೆ. ಆದರೆ ಬಂಡೆ ಬಡಿದಾಗ ಮಾತ್ರ ನೆಲದ ಮೇಲ್ಪದರದಲ್ಲಿ ಸಿಗುವ ಒಂದು ಸಂಗತಿ ಇದೆ, ಅದು ಕ್ಷಣಮಾತ್ರದ ಭಯಂಕರ ಒತ್ತಡ.

ಬೆಣಚುಕಲ್ಲು ನಮಗೆಲ್ಲ ಗೊತ್ತಿರುವ ಖನಿಜ, ಹೊಳೆಯ ಮರಳಿನಲ್ಲಿ ಮಿನುಗುವ ಕಣಗಳಲ್ಲಿ ಹೆಚ್ಚಿನವು ಅದೇ. ಅದರ ಒಳಗೆ ಅಣುಗಳು ಕಟ್ಟುನಿಟ್ಟಾದ ಸಾಲುಗಳಲ್ಲಿ ಜೋಡಣೆಯಾಗಿರುತ್ತವೆ. ವಾತಾವರಣದ ಒತ್ತಡದ ಒಂದು ಲಕ್ಷ ಪಟ್ಟು ಅಥವಾ ಅದಕ್ಕೂ ಹೆಚ್ಚಿನ ಒತ್ತಡದ ಅಲೆ ಒಂದು ಸೆಕೆಂಡಿಗಿಂತ ಎಷ್ಟೋ ಕಡಿಮೆ ಹೊತ್ತಿನಲ್ಲಿ ಅದರ ಮೂಲಕ ಹಾದುಹೋದರೆ, ಆ ಸಾಲುಗಳು ಕೆಲವು ನಿರ್ದಿಷ್ಟ ದಿಕ್ಕುಗಳಲ್ಲಿ ಮುರಿದು, ಹರಳಿನ ಒಳಗೆ ಒಂದಕ್ಕೊಂದು ಸಮಾನಾಂತರವಾದ ಅತಿಸೂಕ್ಷ್ಮ ಗೆರೆಗಳು ಉಳಿಯುತ್ತವೆ. ಸೂಕ್ಷ್ಮದರ್ಶಕದಡಿ ಅವು ಒತ್ತೊತ್ತಾಗಿ ಎಳೆದ ಸಾಲುಗಳಂತೆ ಕಾಣುತ್ತವೆ. ಇವನ್ನು ಆಘಾತಿತ ಹರಳುಗಳು ಎನ್ನಬಹುದು. ಭೂಮಿಯ ಆಳದಲ್ಲೂ ಭಾರೀ ಒತ್ತಡವಿದೆಯಾದರೂ ಅದು ನಿಧಾನವಾಗಿ ಏರುವಂಥದ್ದಾದ್ದರಿಂದ ಹರಳು ಹೊಂದಿಕೊಳ್ಳುತ್ತದೆ, ಹೀಗೆ ಗೆರೆ ಬೀಳುವುದಿಲ್ಲ. ಜ್ವಾಲಾಮುಖಿಯ ಬಲ ಇದಕ್ಕೆ ಸಾಲದು, ಉಪ್ಪು ಜಾರುವುದರ ಮಾತಂತೂ ದೂರ. ಮನುಷ್ಯರು ಮಾಡಿದ ಕೆಲಸಗಳಲ್ಲಿ ಅಣುಬಾಂಬಿನ ಪರೀಕ್ಷೆ ನಡೆದ ಜಾಗಗಳಲ್ಲಿ ಇಂಥ ಹರಳುಗಳು ಸಿಕ್ಕಿವೆ ಎಂದರೆ ಬೇಕಾದ ಬಲದ ಅಂದಾಜು ಸಿಗುತ್ತದೆ.

ಸಿಲ್ವರ್‌ಪಿಟ್‌ನಲ್ಲಿ ತೊಂದರೆ ಇದ್ದದ್ದು ಹರಳು ತರುವುದು ಎಲ್ಲಿಂದ ಎಂಬುದರಲ್ಲಿ. ಸಮುದ್ರದಲ್ಲಿ ಹೊಸ ಬಾವಿ ಕೊರೆಯುವುದು ಅಪಾರ ಖರ್ಚಿನ ಕೆಲಸ. ಆದರೆ ಕುಳಿಯ ಆಸುಪಾಸಿನಲ್ಲಿ ಹಿಂದೆ ಕೊರೆದ ತೈಲಬಾವಿಯ ಮಾದರಿಗಳು ಉಳಿದಿದ್ದವು. ನಮ್ಮಲ್ಲಿ ಬೋರ್‌ವೆಲ್ ಕೊರೆಸುವಾಗ ಲಾರಿಯ ಪಕ್ಕದಲ್ಲಿ ಕಲ್ಲಿನ ಪುಡಿ ರಾಶಿ ಬೀಳುತ್ತದಲ್ಲವೇ, ತೈಲಬಾವಿ ಕೊರೆಯುವವರು ಅಂಥ ಪುಡಿಯನ್ನು ಇಂತಿಷ್ಟು ಆಳದ್ದು ಎಂದು ಗುರುತು ಹಾಕಿ ತೆಗೆದಿಡುತ್ತಾರೆ. ಸಂಶೋಧಕರು ಆ ಪುಡಿಯಲ್ಲಿ ಹುಡುಕಿದರು. ಕುಳಿಯ ತಳ ಯಾವ ಆಳದಲ್ಲಿದೆಯೋ ಅದೇ ಆಳದಿಂದ ಬಂದ ಮಾದರಿಯಲ್ಲಿ ಆಘಾತದ ಗೆರೆಗಳಿರುವ ಬೆಣಚು ಮತ್ತು ಫೆಲ್ಡ್‌ಸ್ಪಾರ್ ಖನಿಜದ ಅಪರೂಪದ ಹರಳುಗಳು ಸಿಕ್ಕವು. ಅಷ್ಟು ವರ್ಷಗಳ ವಾದ ಮುಗಿಯುವುದಕ್ಕೆ ಕಾರಣವಾದದ್ದು ಯಾವುದೋ ಕಪಾಟಿನಲ್ಲಿ ಉಳಿದಿದ್ದ ಕಲ್ಲಿನ ಪುಡಿ ಎಂಬುದು ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಸೋಜಿಗವೆನಿಸುವ ಅಂಶ.

ಇದರ ಜೊತೆಗೆ ಹೊಸದಾದ, ಹಿಂದಿನದಕ್ಕಿಂತ ಎಷ್ಟೋ ಸ್ಪಷ್ಟವಾದ ಮೂರು ಆಯಾಮದ ಸಮೀಕ್ಷೆಯ ಚಿತ್ರವೂ ದೊರೆಯಿತು. ಈ ಸಲ ಸಮೀಕ್ಷೆ ನಡೆದದ್ದು ತೈಲಕ್ಕಾಗಿಯೂ ಅಲ್ಲ, ಕಾರ್ಖಾನೆಗಳ ಇಂಗಾಲದ ಡೈಆಕ್ಸೈಡನ್ನು ಸಮುದ್ರದಡಿಯ ಕಲ್ಲಿನಲ್ಲಿ ತುಂಬಿಡುವ ಯೋಜನೆಗಾಗಿ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಗ್ಯಾರೆತ್ ಕಾಲಿನ್ಸ್ ಕಂಪ್ಯೂಟರಿನಲ್ಲಿ ಆಘಾತದ ಮಾದರಿಗಳನ್ನು ರಚಿಸಿ, ಚಿತ್ರದಲ್ಲಿ ಕಾಣುವುದಕ್ಕೂ ಲೆಕ್ಕಕ್ಕೂ ತಾಳೆಯಾಗುತ್ತದೆ ಎಂದು ತೋರಿಸಿದರು. 2009ರ ಚರ್ಚೆಯಲ್ಲಿ ಅವರೂ ಇದ್ದರು.

ಆ ಕೆಲವು ನಿಮಿಷಗಳು

ಲೆಕ್ಕ ಹೇಳುವ ಪ್ರಕಾರ ಬಂಡೆ ಪಶ್ಚಿಮ ದಿಕ್ಕಿನಿಂದ ಓರೆಯಾಗಿ ಬಂದು ಆ ಕಾಲದ ಸಮುದ್ರವನ್ನು ಸೀಳಿ ತಳಕ್ಕೆ ಬಡಿಯಿತು. ಕೆಲವೇ ನಿಮಿಷಗಳಲ್ಲಿ ನೀರು ಮತ್ತು ಕಲ್ಲಿನ ಒಂದೂವರೆ ಕಿಲೋಮೀಟರ್ ಎತ್ತರದ ಗೋಡೆ ಎದ್ದಿತು, ಅಂದರೆ ಜೋಗದ ಜಲಪಾತದ ಐದಾರು ಪಟ್ಟು ಎತ್ತರ. ಆ ಗೋಡೆ ಮತ್ತೆ ಸಮುದ್ರಕ್ಕೆ ಕುಸಿದಾಗ 100 ಮೀಟರಿಗಿಂತ ಎತ್ತರದ ಸುನಾಮಿ ಎದ್ದಿತು. ಸುತ್ತಲ ಸೀಮೆಸುಣ್ಣದ ಪದರ ಕುಳಿಯ ಕಡೆಗೆ ಜಾರಿದ್ದರಿಂದ ಆ ಉಂಗುರದ ಬಿರುಕುಗಳು ಮೂಡಿದವು.

ಇದು ನಡೆದದ್ದು 4.3 ಕೋಟಿಯಿಂದ 4.6 ಕೋಟಿ ವರ್ಷಗಳ ಹಿಂದೆ. ಈ ಲೆಕ್ಕ ಸಿಗುವುದು ಪದರಗಳಿಂದಲೇ. ಮನೆಯ ಮೂಲೆಯಲ್ಲಿ ಪೇರಿಸಿಟ್ಟ ಹಳೆಯ ಪತ್ರಿಕೆಗಳ ರಾಶಿಯಲ್ಲಿ ಅಡಿಯಲ್ಲಿರುವುದು ಹಳೆಯದು, ಮೇಲಿರುವುದು ಹೊಸದು. ಕುಳಿ ಯಾವ ಪದರವನ್ನು ಕತ್ತರಿಸಿದೆಯೋ ಅದಕ್ಕಿಂತ ಅದು ಈಚಿನದು, ಯಾವ ಪದರ ಕುಳಿಯ ಮೇಲೆ ಮುರಿಯದೆ ಹಾಸಿದೆಯೋ ಅದಕ್ಕಿಂತ ಹಳೆಯದು. ಒಂದೊಂದು ಪದರದಲ್ಲಿರುವ ಸೂಕ್ಷ್ಮಜೀವಿಗಳ ಪಳೆಯುಳಿಕೆಗಳು ಆ ಪದರದ ಕಾಲವನ್ನು ಹೇಳುತ್ತವೆ. ಡೈನೋಸಾರ್‌ಗಳ ಅಳಿವಿಗೂ ಸಿಲ್ವರ್‌ಪಿಟ್‌ಗೂ ಸಂಬಂಧವಿಲ್ಲ. ಆ ಘಟನೆಗೆ ತಳುಕು ಹಾಕುವ ಕುಳಿ ಮೆಕ್ಸಿಕೊದ ಚಿಕ್ಷುಲೂಬ್‌ನಲ್ಲಿದೆ, 6.6 ಕೋಟಿ ವರ್ಷ ಹಳೆಯದು, ಸುಮಾರು 180 ಕಿಲೋಮೀಟರ್ ಅಗಲದ್ದು. ಅದು ಕೂಡ ಸುಣ್ಣಕಲ್ಲಿನ ಪದರಗಳಡಿ ಹೂತಿದ್ದು, ತೈಲ ಹುಡುಕುವವರ ಸಮೀಕ್ಷೆಯಲ್ಲೇ ಮೊದಲು ಸುಳಿವು ಕೊಟ್ಟದ್ದು.

ಚಂದ್ರನ ಮೇಲೆ ಅಷ್ಟು, ಭೂಮಿಯ ಮೇಲೆ ಇಷ್ಟೇ ಏಕೆ?

ಚಂದ್ರನ ಮೈ ತುಂಬ ಕುಳಿಗಳಿವೆ. ಭೂಮಿಯ ನೆಲದ ಮೇಲೆ ಖಚಿತಪಟ್ಟಿರುವುದು ಸುಮಾರು 200, ಸಮುದ್ರದಡಿ ಸುಮಾರು 33 ಮಾತ್ರ. ಭೂಮಿಗೆ ಕಲ್ಲು ಬೀಳಲಿಲ್ಲವೆಂದಲ್ಲ, ಬಿದ್ದ ಗುರುತನ್ನು ಮಳೆ, ಗಾಳಿ, ನದಿಗಳು ಸವೆಸಿ ಅಳಿಸುತ್ತವೆ, ಭೂಫಲಕಗಳ ಚಲನೆ ಹಳೆಯ ಸಾಗರತಳವನ್ನೇ ನುಂಗಿಹಾಕುತ್ತದೆ. ಹೀಗಾಗಿ ಬೇಗ ಹೂತುಹೋದ ಕುಳಿಯೇ ಕೆಡದೆ ಉಳಿಯುವುದು. ಉಪ್ಪಿನಕಾಯಿಯ ಮೇಲೆ ಎಣ್ಣೆ ನಿಂತಂತೆ ಮೇಲಿನ ಕೆಸರು ಅದನ್ನು ಕಾಪಾಡುತ್ತದೆ.

ಹೂಳದ ಕುಳಿಯನ್ನು ನೋಡಬೇಕೆಂದರೆ ನಮಗೆ ಹತ್ತಿರವಿರುವುದು ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಲೋಣಾರ್ ಸರೋವರ. ಅದರ ಅಗಲ ಸುಮಾರು 1.8 ಕಿಲೋಮೀಟರ್, ಸಿಲ್ವರ್‌ಪಿಟ್‌ನ ಅರ್ಧಕ್ಕಿಂತ ತುಸು ಹೆಚ್ಚು. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್‌ಗಳವರೆಗೂ ಹಬ್ಬಿರುವ ದಖ್ಖನ್ ಲಾವಾದ ಕಪ್ಪು ಕಲ್ಲಿನಲ್ಲೇ ಅದು ಬಡಿದು ಆದದ್ದು. ಅದನ್ನೂ ಜ್ವಾಲಾಮುಖಿಯ ಬಾಯಿ ಎಂದು ಬಹಳ ಕಾಲ ಭಾವಿಸಿದ್ದರು. ಮಧ್ಯಪ್ರದೇಶದ ಶಿವಪುರಿ ಜಿಲ್ಲೆಯ ಢಾಲಾ ಇನ್ನೂ ದೊಡ್ಡದು, ನೂರೈವತ್ತು ಕೋಟಿ ವರ್ಷಕ್ಕೂ ಹಳೆಯದು. ಅದರ ಅಂಚು ಸವೆದು ಹೋಗಿದೆ, ನಡುಭಾಗದ ಮೇಲೆ ಪದರ ಶಿಲೆಯ ದಿಬ್ಬ ಕೂತಿದೆ, ಅಲ್ಲಿ ನಿಂತವರಿಗೆ ಕುಳಿ ಎಂದು ತೋರುವುದೇ ಇಲ್ಲ.

160 ಮೀಟರ್ ಎಂಬ ಅಳತೆ

ಚಿಕ್ಷುಲೂಬ್‌ಗೆ ಬಡಿದಂಥ, ಹತ್ತು ಕಿಲೋಮೀಟರ್ ಆಸುಪಾಸಿನ ಬಂಡೆಗಳು ಬೀಳುವುದು ಹತ್ತಾರು ಕೋಟಿ ವರ್ಷಗಳಿಗೊಮ್ಮೆ. ಸಣ್ಣ ಬಂಡೆಗಳು ಅದಕ್ಕಿಂತ ಎಷ್ಟೋ ಹೆಚ್ಚು ಸಲ ಬರುತ್ತವೆ. 160 ಮೀಟರ್ ಬಂಡೆ ಇಡೀ ಜಗತ್ತನ್ನು ಹಾಳುಗೆಡಹದಿದ್ದರೂ ಒಂದು ಕರಾವಳಿಯನ್ನು ಅಳಿಸಬಲ್ಲದು, ಮತ್ತು ಇಂಥದು ಆಳವಿಲ್ಲದ ಸಮುದ್ರಕ್ಕೆ ಬಿದ್ದರೆ ಏನಾಗುತ್ತದೆ ಎಂಬುದನ್ನು ತೋರಿಸುವ, ಕೆಡದೆ ಉಳಿದ ಉದಾಹರಣೆಗಳು ಬಹಳ ಕಡಿಮೆ. ಕಂಪ್ಯೂಟರಿನ ಲೆಕ್ಕ ಸರಿಯೇ ಎಂದು ಪರೀಕ್ಷಿಸಲು ಸಿಲ್ವರ್‌ಪಿಟ್ ಬೇಕಾಗುವುದು ಇದಕ್ಕಾಗಿ.

ಕಾಕತಾಳೀಯವೆಂಬಂತೆ, 2022ರ ಸೆಪ್ಟೆಂಬರ್ 26ರಂದು ಅಮೆರಿಕದ ನಾಸಾ ಸಂಸ್ಥೆ ತನ್ನ ಡಾರ್ಟ್ ನೌಕೆಯನ್ನು ಬೇಕೆಂದೇ ಡಿಕ್ಕಿ ಹೊಡೆಸಿದ ಡೈಮಾರ್ಫಸ್ ಎಂಬ ಪುಟ್ಟ ಕಾಯವೂ ಹೆಚ್ಚುಕಡಿಮೆ 160 ಮೀಟರ್ ಅಗಲದ್ದೇ. ಭೂಮಿಯತ್ತ ಬರುವ ಬಂಡೆಯ ದಾರಿ ತಪ್ಪಿಸಬಹುದೇ ಎಂದು ನೋಡುವ ಪರೀಕ್ಷೆ ಅದಾಗಿತ್ತು. ಡೈಮಾರ್ಫಸ್ ತನ್ನ ಜೊತೆಗಾರ ಕ್ಷುದ್ರಗ್ರಹವನ್ನು 11 ಗಂಟೆ 55 ನಿಮಿಷಕ್ಕೊಮ್ಮೆ ಸುತ್ತುತ್ತಿದ್ದದ್ದು, ಡಿಕ್ಕಿಯ ಬಳಿಕ ಅರ್ಧ ಗಂಟೆಗಿಂತ ಹೆಚ್ಚು ಬೇಗ ಸುತ್ತತೊಡಗಿತು. ಆ ಡಿಕ್ಕಿಯಿಂದ ಅದರ ಮೈಮೇಲೆ ಎಂಥ ಗುರುತು ಬಿದ್ದಿದೆ ಎಂದು ಹತ್ತಿರದಿಂದ ನೋಡಿಬರಲು ಯುರೋಪಿನ ಹೆರಾ ನೌಕೆ 2024ರ ಅಕ್ಟೋಬರ್‌ನಲ್ಲಿ ಭೂಮಿಯಿಂದ ಹೊರಟಿತು.